ಆ ಮನೆಯನ್ನು ಮನೆಯಾಗಿಯೇ ಇರಲು ಬಿಡಿ: ಸ್ಮಾರಕ ಸಮಿತಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಎಲ್ಲ ಸದಸ್ಯರು,
ಯಜಮಾನರ ಮನೆಯ ಸ್ಮಾರಕ ಸಮಿತಿ

ಮಾನ್ಯರೇ,

ನಮಸ್ಕಾರ. ಆರು ತಿಂಗಳ ಹಿಂದೆ ನನ್ನ ಮಗಳನ್ನು ಕರೆದುಕೊಂಡು ನೀವು ನೋಡಿಕೊಳ್ಳುತ್ತಿರುವ ಮನೆಗೆ ಹೋಗಿದ್ದೆ. ವಾಪಸು ಬಂದ ವಾರವೇ ನಿಮಗೆ ಒಂದು ಕಾಗದ ಬರೆದೆ. ಆಮೇಲೆ ಇನ್ನೊಂದು. ಎರಡಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಮನೆಯ ಹೆಸರನ್ನಾಗಲಿ, ಊರಿನ ಹೆಸರನ್ನಾಗಲಿ ಹಾಕುತ್ತಿಲ್ಲ. ಯಾವ ಮನೆ ಅಂತ ನಿಮಗೆ ಗೊತ್ತೇ ಇದೆ. ಹೆಸರು ಹಾಕಿದರೆ ಮಾತು ನಾಲ್ಕು ಜನರ ಮೇಲಿನ ದೂರಾಗಿ ನಿಂತುಬಿಡುತ್ತದೆ. ನನಗೆ ಅದು ಬೇಡ. ನಮ್ಮ ನಾಡಿನಲ್ಲಿ ಇಂಥ ದೊಡ್ಡವರ ಮನೆಗಳು ಇನ್ನೂ ಎಷ್ಟೋ ಇವೆ. ಕೆಲವು ಮ್ಯೂಸಿಯಂ ಆಗಿವೆ, ಕೆಲವು ಆಗಬೇಕಾಗಿವೆ. ಅವುಗಳನ್ನು ನೋಡಿಕೊಳ್ಳುವವರೂ ಇದನ್ನು ಓದಲಿ ಅನ್ನುವುದು ನನ್ನ ಆಸೆ.

ಮೊದಲು, ನಾನು ಯಾವ ಹಕ್ಕಿನಿಂದ ಮಾತಾಡುತ್ತಿದ್ದೇನೆ ಅಂತ ಹೇಳಬೇಕು. ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಆ ಮನೆ ಇನ್ನೂ ಮ್ಯೂಸಿಯಂ ಆಗಿರಲಿಲ್ಲ. ಒಂದು ಮಳೆಗಾಲ ಹಿತ್ತಿಲ ಕಡೆ ಗೋಡೆಯ ಒಂದು ಭಾಗ ಕುಸಿಯಿತು. ಅದನ್ನು ಕಟ್ಟಿಕೊಟ್ಟವರು ನಮ್ಮಪ್ಪ. ನಾನಾಗ ಐದನೇ ಕ್ಲಾಸು ಮುಗಿಸಿದ್ದೆ. ಬೇಸಿಗೆ ರಜ. ದಿನಾ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಹೋದವಳು ಸಂಜೆಯವರೆಗೂ ಅಲ್ಲೇ ಇರುತ್ತಿದ್ದೆ.

ಹಿತ್ತಿಲಲ್ಲಿ ಸುಣ್ಣದ ಗುಂಡಿ ತೋಡಿದ್ದರು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿಟ್ಟರೆ ಕೊತಕೊತ ಕುದಿಯುತ್ತಿತ್ತು. ಹತ್ತಿರ ಹೋಗಬೇಡ ಅಂತ ಬೈಯುತ್ತಿದ್ದರು. ಅದು ವಾರಗಟ್ಟಲೆ ನೆನೆಯಬೇಕು. ಆಮೇಲೆ ಸೋಸಬೇಕು, ಮರಳು ಬೆರೆಸಬೇಕು, ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು ಹಾಕಿ ಅರೆಯಬೇಕು. ಎರಡು ಮೂಟೆ ಸಿಮೆಂಟು ತಂದರೆ ಎರಡು ದಿನದಲ್ಲಿ ಮುಗಿಯುತ್ತದಲ್ಲ ಅಂತ ಯಾರೋ ಕೇಳಿದರು. ಅಪ್ಪ ಒಪ್ಪಲಿಲ್ಲ. ನನ್ನ ಕೈ ಹಿಡಿದು ಹಳೆ ಗೋಡೆಯ ಮೇಲೆ ಇಟ್ಟರು. ಬೇಸಿಗೆಯ ಉರಿಯಲ್ಲೂ ತಣ್ಣಗಿತ್ತು. "ಗೋಡೆನೂ ನಮ್ಮ ಮೈ ಇದ್ದಂಗೆ ಮಗಾ. ಬೆವರಬೇಕು, ಆರಬೇಕು. ಸಿಮೆಂಟು ಬಳಿದ್ರೆ ಬೆವರೋದು ಎಲ್ಲಿಂದ?" ಅಂದರು. ಅವರು ಓದಿದ್ದು ಮೂರನೇ ಕ್ಲಾಸು.

ಆ ಮನೆಯ ಯಜಮಾನರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು. ಆಮೇಲೆ ವಿಧಾನಸೌಧದಲ್ಲಿ ಕೂತವರು. ಅಧಿಕಾರ ಹೋದ ಮೇಲೆ ಅದೇ ತೊಟ್ಟಿ ಮನೆಗೆ ಬಂದು, ಅಲ್ಲೇ ಕೊನೆಯುಸಿರೆಳೆದವರು. ಅವರ ನಂತರ ಮನೆ ಮ್ಯೂಸಿಯಂ ಆಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಶಾಲೆಯಿಂದ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಒಬ್ಬ ತಾತ ಇದ್ದರು. ಯಜಮಾನರು ಬದುಕಿದ್ದಾಗಿನಿಂದಲೂ ಆ ಮನೆಯಲ್ಲಿ ಕೆಲಸ ಮಾಡಿದವರು. ಅವರು ನಮಗೆ ಮೊದಲು ತೋರಿಸಿದ್ದು ಫೋಟೋ ಅಲ್ಲ, ಪದಕ ಅಲ್ಲ. ಬಾಗಿಲಲ್ಲೇ ನಿಲ್ಲಿಸಿ ಹೊಸ್ತಿಲು ತೋರಿಸಿದರು.

ದಪ್ಪ ಹಲಸಿನ ಮರದ ಹೊಸ್ತಿಲು. ನಡುವೆ ಸವೆದು ತಗ್ಗಾಗಿತ್ತು. ಅಂಗೈ ಇಟ್ಟರೆ ಬಟ್ಟಲಿನ ಹಾಗೆ ಕೂರುತ್ತಿತ್ತು. "ಇದು ಮನೆಯವರ ಕಾಲಿಗೆ ಸವೆದದ್ದಲ್ಲ ಮಕ್ಳಾ. ಅರ್ಜಿ ಹಿಡ್ಕೊಂಡು ಬಂದೋರ ಕಾಲಿಗೆ ಸವೆದದ್ದು" ಅಂದರು ತಾತ. ಬೆಳಗ್ಗೆ ಐದಕ್ಕೇ ಜಗಲಿ ತುಂಬುತ್ತಿತ್ತಂತೆ. ಭೂಮಿ ವ್ಯಾಜ್ಯದವರು, ಮಗನಿಗೆ ಕೆಲಸ ಕೇಳಲು ಬಂದವರು, ಊರಿಗೆ ಬಾವಿ ಬೇಕು ಅಂದವರು. ಒಬ್ಬರನ್ನೂ ಜಗಲಿಯಿಂದಲೇ ವಾಪಸು ಕಳಿಸುವಂತಿಲ್ಲ, ಒಳಗೆ ಕರೆದು ಕೂರಿಸಿ ಮಾತಾಡಬೇಕು ಅನ್ನುವುದು ಆ ಮನೆಯ ಕಟ್ಟಳೆ. ಪ್ರಜಾಪ್ರಭುತ್ವ ಅಂದರೆ ಏನು ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದನ್ನು ಮರೆತಿದ್ದೇನೆ. ಆ ಹೊಸ್ತಿಲ ತಗ್ಗನ್ನು ಮರೆತಿಲ್ಲ. ಈಗ ನಾನೂ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಎಷ್ಟೋ ಸಲ ಆ ಹೊಸ್ತಿಲಿನ ಕತೆ ಹೇಳಿದ್ದೇನೆ.

ನನ್ನ ಮಗಳಿಗೂ ಅದನ್ನೇ ತೋರಿಸಬೇಕು ಅಂತ ಕರೆದುಕೊಂಡು ಹೋಗಿದ್ದು.

ಹೊಸ್ತಿಲು ಇರಲಿಲ್ಲ. ಆ ಜಾಗದಲ್ಲಿ ಕಪ್ಪು ಗ್ರಾನೈಟ್ ಚಪ್ಪಡಿ ಇತ್ತು. ಒಳಗೆ ಕಾಲಿಟ್ಟರೆ ಕೆಂಪು ಗಾರೆ ನೆಲವೂ ಇಲ್ಲ. ಅದರ ಮೇಲೆ ಹೊಳೆಯುವ ಬಿಳಿ ಟೈಲ್ಸ್. ಸುಣ್ಣದ ಗೋಡೆಗಳಿಗೆಲ್ಲ ತಿಳಿ ಹಳದಿ ಪ್ಲಾಸ್ಟಿಕ್ ಪೇಂಟು. ಪಡಸಾಲೆಯ ತೊಲೆ, ಜಂತೆ, ಹೆಂಚು ಯಾವುದೂ ಕಾಣದ ಹಾಗೆ ಫಾಲ್ಸ್ ಸೀಲಿಂಗ್, ಅದರ ತುಂಬ ಬಲ್ಬು. ಗೋಡೆಯ ಉದ್ದಕ್ಕೂ ಫ್ಲೆಕ್ಸ್. ಮಗಳು ಸುತ್ತ ನೋಡಿ, "ಅಮ್ಮಾ, ಇದು ಬ್ಯಾಂಕ್ ಇದ್ದ ಹಾಗಿದೆ ಅಲ್ವಾ?" ಅಂದಳು. ಅವಳಿಗೆ ಹತ್ತು ವರ್ಷ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ಅವರು ಎಲ್ಲಿ ಕೂತು ಊಟ ಮಾಡ್ತಿದ್ರು?" ಅಡುಗೆಮನೆಗೆ ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿ ನೋಡಿದೆವು. ಒಲೆಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಪಕ್ಕದಲ್ಲಿ ಹಳೆ ಬ್ಯಾನರುಗಳ ಸುರುಳಿ. ಕಾವಲಿಗಿದ್ದ ಹುಡುಗನನ್ನು ಕೇಳಿದೆ. ಪಾಪ, ಅವನಿಗೆ ಗೊತ್ತಿಲ್ಲ. ಏಜೆನ್ಸಿಯಿಂದ ಬಂದವನು, ಬಂದು ಎರಡು ತಿಂಗಳಾಗಿತ್ತು. ಅವನ ತಪ್ಪೇನೂ ಇಲ್ಲ.

ಮಾನ್ಯರೇ, ಹಾಳು ಮಾಡಬೇಕು ಅಂತ ನೀವು ಇದನ್ನೆಲ್ಲ ಮಾಡಿಲ್ಲ ಅಂತ ನನಗೆ ಗೊತ್ತು. ಅನುದಾನ ಬಂತು, ಮನೆ ಚೆನ್ನಾಗಿ ಕಾಣಲಿ ಅಂದುಕೊಂಡಿರಿ, ಟೆಂಡರ್ ಕರೆದಿರಿ. ಯಜಮಾನರ ಮೇಲಿನ ಗೌರವದಿಂದಲೇ ಮಾಡಿದ್ದೀರಿ. ಆದರೆ ಹೊಸದಾಗಿ ಕಾಣುವುದಕ್ಕೆ ಯಾರೂ ಆ ಮನೆಗೆ ಬರುವುದಿಲ್ಲ. ಹೊಸ ಕಟ್ಟಡ ನೋಡಲು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಒಬ್ಬ ಮನುಷ್ಯ ಎಲ್ಲಿ ಕೂರುತ್ತಿದ್ದ, ಎಲ್ಲಿ ಮಲಗುತ್ತಿದ್ದ, ಯಾವ ಕಿಟಕಿಯ ಬೆಳಕಿನಲ್ಲಿ ಓದುತ್ತಿದ್ದ ಅಂತ ನೋಡಲು ಬರುತ್ತಾರೆ. ಸವೆದದ್ದು, ಮಾಸಿದ್ದು, ಕಲೆಯಾದದ್ದು, ಅದೇ ಅಲ್ಲಿಯ ಆಸ್ತಿ. ನೀವು ಖರ್ಚು ಮಾಡಿದ ದುಡ್ಡು ಅದನ್ನೇ ಅಳಿಸಿದೆ.

ಅಳಿಸಿದ್ದು ಮಾತ್ರವಲ್ಲ, ಮನೆಗೆ ಪೆಟ್ಟೂ ಆಗುತ್ತಿದೆ. ಪೂರ್ವದ ಕೋಣೆಯ ಗೋಡೆಯನ್ನು ಒಮ್ಮೆ ಬಗ್ಗಿ ನೋಡಿ. ನೆಲದಿಂದ ಮೊಣಕಾಲೆತ್ತರದವರೆಗೆ ಪೇಂಟು ಬೊಬ್ಬೆ ಎದ್ದಿದೆ. ಉಗುರು ತಾಗಿಸಿದರೆ ಚಕ್ಕೆ ಬರುತ್ತದೆ. ಚಕ್ಕೆಯ ಹಿಂದೆ ಬಿಳಿ ಪುಡಿ. ಅದು ಉಪ್ಪು. ಆ ಕಾಲದ ಮನೆಗಳ ಪಾಯದಲ್ಲಿ ನೆಲದ ತೇವ ತಡೆಯುವ ಪದರ ಇರುತ್ತಿರಲಿಲ್ಲ. ತೇವ ಗೋಡೆಯೊಳಗೆ ಮೇಲೇರುತ್ತದೆ. ಸುಣ್ಣದ ಗಾರೆ ಅದನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಅಪ್ಪ ಬೆವರುವುದು ಅಂದದ್ದು ಇದನ್ನೇ. ಪ್ಲಾಸ್ಟಿಕ್ ಪೇಂಟು ಬಳಿದರೆ ತೇವಕ್ಕೆ ದಾರಿ ಇಲ್ಲ. ಒಳಗೇ ಉಳಿದು ಉಪ್ಪನ್ನು ಮೇಲಕ್ಕೆ ತಳ್ಳುತ್ತದೆ, ಗಾರೆ ಪುಡಿಯಾಗುತ್ತದೆ. ನೆಲಕ್ಕೆ ಟೈಲ್ಸ್ ಹಾಕಿದ್ದರಿಂದ ನೆಲದಲ್ಲಿ ಆರಬೇಕಾದ ತೇವವೂ ಗೋಡೆಯ ಕಡೆಗೇ ಸರಿದಿದೆ. ಈಗ ಯಾರಾದರೂ ಬಂದು ಆ ಚಕ್ಕೆ ಕೆರೆದು ಸಿಮೆಂಟು ಮೆತ್ತಿದರೆ, ತೇವ ಇನ್ನೂ ಎರಡು ಅಡಿ ಮೇಲೆ ಹತ್ತುತ್ತದೆ. ದಯವಿಟ್ಟು ಅದನ್ನು ಮಾತ್ರ ಮಾಡಿಸಬೇಡಿ.

ಫಾಲ್ಸ್ ಸೀಲಿಂಗಿನ ಮಾತೂ ಅಷ್ಟೇ. ಮೊದಲು ಹೆಂಚು ಜರುಗಿದರೆ ಬೆಳಕು ಕಾಣುತ್ತಿತ್ತು, ಜಂತೆಗೆ ಗೆದ್ದಲು ಹತ್ತಿದರೆ ಮಣ್ಣಿನ ಗೆರೆ ಕಾಣುತ್ತಿತ್ತು. ಈಗ ಏನಾದರೂ ಕಾಣುವುದು ಎಲ್ಲ ಮುಗಿದ ಮೇಲೆಯೇ.

ಇನ್ನು ಪತ್ರಗಳು. ಇದನ್ನು ಬರೆಯಲು ಕಷ್ಟವಾಗುತ್ತದೆ. ಯಜಮಾನರು ಜೈಲಿನಿಂದ ಹೆಂಡತಿಗೆ ಬರೆದ ಕಾಗದಗಳು ಅಲ್ಲಿವೆ. ನಾನು ಹೈಸ್ಕೂಲಿನಲ್ಲಿದ್ದಾಗ ತಾತ ಅವುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಒಂದನ್ನು ಮಾತ್ರ ತೆಗೆದು ದೂರದಿಂದ ತೋರಿಸಿದ್ದರು. ಈಗ ಅವೆಲ್ಲವನ್ನೂ ಲ್ಯಾಮಿನೇಟ್ ಮಾಡಿಸಿ, ಥರ್ಮಾಕೋಲಿನ ಮೇಲೆ ಅಂಟಿಸಿ, ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದೀರಿ. ಬಿಸಿಗೆ ಒಂದು ಕಾಗದ ಸುಕ್ಕಾಗಿದೆ. "ಮಗುವಿನ ಜ್ವರ" ಅನ್ನುವವರೆಗೆ ಓದಬಹುದು. ಮುಂದಿನ ಸಾಲಿನ ಮೇಲೆ ಪ್ಲಾಸ್ಟಿಕ್ಕಿನ ಗುಳ್ಳೆ ಎದ್ದು ಶಾಯಿ ಕದಡಿದೆ. ಮಗುವಿನ ಜ್ವರ ಇಳಿಯಿತೋ, ಹೆಚ್ಚಾಯಿತೋ? ಜೈಲಿನಲ್ಲಿ ಕೂತು ಅವರು ಏನು ಬರೆದಿದ್ದರೋ ಇನ್ನು ಯಾರೂ ಓದುವಂತಿಲ್ಲ.

ಲ್ಯಾಮಿನೇಶನ್ ಅಂದರೆ ಕಾಪಾಡುವುದು ಅಂತ ಬಹಳ ಜನ ನಂಬಿದ್ದಾರೆ. ನಾವು ಮಾರ್ಕ್ಸ್ ಕಾರ್ಡಿಗೆ ಮಾಡಿಸುತ್ತೇವಲ್ಲ, ಅದೇ ರೂಢಿ. ಹಳೆ ಕಾಗದಕ್ಕೆ ಅದು ವಿಷ. ಬಿಸಿಯೂ ಅಂಟೂ ಕಾಗದದ ನಾರಿನೊಳಗೆ ಇಳಿಯುತ್ತವೆ, ಆಮೇಲೆ ಬಿಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಬೆಳಕೂ ಹಾಗೇ. ಹಳೆ ಕಾಗದಕ್ಕೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅಂತ ಮ್ಯೂಸಿಯಂಗಳಲ್ಲಿ ಪಾಲಿಸುತ್ತಾರೆ. ಲಕ್ಸ್ ಅಂದರೆ ಬೆಳಕಿನ ಅಳತೆ, ಐವತ್ತು ಅಂದರೆ ಮಂಕು ಬೆಳಕು. ಅಸಲು ಪತ್ರವನ್ನು ಕತ್ತಲಲ್ಲಿ ಇಟ್ಟು ನಕಲನ್ನು ಗೋಡೆಗೆ ಹಾಕುವುದು ಎಲ್ಲ ಕಡೆಯ ಪದ್ಧತಿ. ಇನ್ನೊಂದು ಮಾತು ನಿಮ್ಮ ಗಮನಕ್ಕೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲಿ ಪ್ರಾಚೀನ ಅನ್ನಿಸಿಕೊಳ್ಳಲು ವಸ್ತುಗಳಿಗೆ ನೂರು ವರ್ಷ ಆಗಿರಬೇಕು ಅಂತ ಇದೆ. ಇತಿಹಾಸದ ಬೆಲೆ ಇರುವ ಕೈಬರಹ, ದಾಖಲೆಗಳಿಗೆ ಎಪ್ಪತ್ತೈದು ವರ್ಷ ಸಾಕು. 1940ರ ದಶಕದ ಜೈಲು ಪತ್ರಗಳು ಆ ಗೆರೆ ದಾಟಿವೆ. ಅವು ಇನ್ನು ಸಮಿತಿಯ ಬೀರುವಿನ ಕಾಗದಗಳಲ್ಲ.

ಬೇರೆ ಕಡೆ ಹೇಗೆ ಮಾಡಿದ್ದಾರೆ ಅಂತ ಸ್ವಲ್ಪ ಹೇಳುತ್ತೇನೆ. ಹೋಲಿಸಿ ಚುಚ್ಚಲು ಅಲ್ಲ. ಸಣ್ಣ ವಸ್ತುವೂ ಎಷ್ಟು ಮಾತಾಡುತ್ತದೆ ಅಂತ ಹೇಳಲು.

ದೆಹಲಿಯ ಗಾಂಧಿ ಸ್ಮೃತಿಯಲ್ಲಿ, ಅಂದರೆ ಹಳೆಯ ಬಿರ್ಲಾ ಹೌಸಿನಲ್ಲಿ, ಗಾಂಧೀಜಿ ಕೊನೆಯ 144 ದಿನ ಕಳೆದ ಕೋಣೆ ಇದೆ. ಒಂದು ಹಾಸು, ಒಂದು ಸಣ್ಣ ಮೇಜು, ಕನ್ನಡಕ, ಊರುಗೋಲು, ಸೋಪಿನ ಬದಲು ಮೈ ಉಜ್ಜಲು ಬಳಸುತ್ತಿದ್ದ ಕಲ್ಲು. ಅಷ್ಟೇ. ಖಾಲಿ ಕೋಣೆ ಅಂತ ಯಾರಾದರೂ ಅದನ್ನು ತುಂಬಲು ಹೋಗಿದ್ದರೆ ಏನಾಗುತ್ತಿತ್ತು? ಆ ಖಾಲಿಯೇ ಅಲ್ಲಿ ಪಾಠ. ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ ಗಾಂಧೀಜಿ ಇದ್ದ ಗುಡಿಸಲು, ಬಾಪು ಕುಟಿಯೂ ಹಾಗೇ. ಸುತ್ತಮುತ್ತ ಸಿಗುವ ಸಾಮಾನಿನಿಂದಲೇ ಕಟ್ಟಬೇಕು, ಖರ್ಚು ಹೆಚ್ಚಾಗಬಾರದು ಅಂತ ಗಾಂಧೀಜಿ ಹೇಳಿದ್ದರು. ಮಣ್ಣಿನ ಗೋಡೆಯ ಮೇಲೆ ಅವರ ಶಿಷ್ಯೆ ಮೀರಾಬೆನ್ ಮಾಡಿದ ಚರಕ, ತಾಳೆಮರದ ಉಬ್ಬು ಚಿತ್ರಗಳಿವೆ. ಆ ಗೋಡೆಗೆ ಟೈಲ್ಸ್ ಹಾಕುವುದನ್ನು ನೀವೂ ಒಪ್ಪುವುದಿಲ್ಲ, ಅಲ್ವಾ?

ದೆಹಲಿಯಲ್ಲೇ ಲಾಲ್ ಬಹದ್ದೂರ್ ಶಾಸ್ತ್ರಿಯವರ ಮನೆ ಇದೆ. ಅಲ್ಲಿ ಅವರ ಫಿಯೆಟ್ ಕಾರು ಇದೆ. ಪ್ರಧಾನಿಯಾಗಿದ್ದಾಗ ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿ ಕೊಂಡ ಕಾರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡರು. ಉಳಿದ ಸಾಲವನ್ನು ಅವರ ಹೆಂಡತಿ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ತೀರಿಸಿದರು. ಪ್ರಾಮಾಣಿಕತೆಯ ಬಗ್ಗೆ ಹತ್ತು ಫ್ಲೆಕ್ಸ್ ಹಾಕಿದರೂ ಆ ಕಾರಿನಷ್ಟು ಹೇಳಲಾರವು.

ನಮ್ಮ ಮುದ್ದೇನಹಳ್ಳಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಅಲ್ಲಿ ಮ್ಯೂಸಿಯಂ ಆಗಿದೆ, ಸಮಾಧಿಯೂ ಅದೇ ಊರಲ್ಲಿದೆ. ಮೈಸೂರಿನ ದಿವಾನರಾಗಿದ್ದವರು, 1955ರಲ್ಲಿ ಭಾರತ ರತ್ನ ಪಡೆದವರು. ಮಕ್ಕಳು ಪದಕ ನೋಡಿ ಹೌದಾ ಅಂದು ಮುಂದೆ ಹೋಗುತ್ತಾರೆ. ಅವರು ತೊಡುತ್ತಿದ್ದ ಬಟ್ಟೆಯ ಮುಂದೆ ನಿಂತುಬಿಡುತ್ತಾರೆ. ಇಷ್ಟು ಸಣ್ಣ ಆಳಾ ಅಂತ ಕೇಳುತ್ತಾರೆ. ಆಗ ನಾನು ಕನ್ನಂಬಾಡಿ ಕಟ್ಟೆಯ ಕತೆ ಶುರು ಮಾಡುತ್ತೇನೆ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದನ್ನು ನೋಡಲು ಮೈಸೂರು ಸರ್ಕಾರ ನೇಮಿಸಿದ್ದ ಮಿಲ್ಲರ್ ಸಮಿತಿಯ ಹೊತ್ತಿನಲ್ಲಿ, ಆ ಮೀಸಲಾತಿಯ ವಿಚಾರದಲ್ಲಿ ಮಹಾರಾಜರ ಜೊತೆ ಅಭಿಪ್ರಾಯ ಬೇರೆಯಾಗಿ ಅವರು ದಿವಾನಗಿರಿ ಬಿಟ್ಟಿದ್ದನ್ನೂ ಹೇಳುತ್ತೇನೆ. ಮಕ್ಕಳು ವಾದ ಮಾಡುತ್ತಾರೆ. ಮಾಡಲಿ. ದೊಡ್ಡವರ ಬಗ್ಗೆ ವಾದ ಮಾಡುವುದೂ ಅವರಿಗೆ ಕೊಡುವ ಗೌರವವೇ. ನಿಮ್ಮ ಫ್ಲೆಕ್ಸ್‌ಗಳಲ್ಲಿ ಯಜಮಾನರು ಒಂದು ಚುನಾವಣೆ ಸೋತದ್ದು ಎಲ್ಲೂ ಇಲ್ಲ. ತಾತ ಅದನ್ನು ಹೇಳುತ್ತಿದ್ದರು. ಸೋತ ದಿನ ರಾತ್ರಿ ಜಗಲಿಯಲ್ಲಿ ಒಬ್ಬರೇ ಕೂತಿದ್ದು, ಬೆಳಗ್ಗೆ ಯಾರೂ ಬರುವುದಿಲ್ಲ ಅಂದುಕೊಂಡಿದ್ದು, ಐದು ಗಂಟೆಗೆ ಎಂದಿನ ಹಾಗೇ ಜನ ಬಂದಿದ್ದು.

ದೂರದ ಇನ್ನೊಂದು ಮನೆಯ ಕತೆ ಹೇಳಿ ಈ ಮಾತು ಮುಗಿಸುತ್ತೇನೆ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಅವರ ಮನೆ ಮೌಂಟ್ ವರ್ನನ್. 1850ರ ಹೊತ್ತಿಗೆ ಅದು ಬೀಳುವ ಹಾಗಿತ್ತು. ಮುಂದಿನ ಜಗಲಿಯ ಸೂರಿಗೆ ಹಡಗಿನ ಹಳೆ ಕಂಬಗಳನ್ನು ಆಸರೆ ಕೊಟ್ಟು ನಿಲ್ಲಿಸಿದ್ದರು. ಸರ್ಕಾರ ಕೈ ಹಾಕಲಿಲ್ಲ. ಆನ್ ಪಮೇಲಾ ಕನ್ನಿಂಗ್‌ಹ್ಯಾಮ್ ಅನ್ನುವ ಹೆಣ್ಣುಮಗಳು 1853ರಲ್ಲಿ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದರು. ಊರೂರಿಂದ ಚಂದಾ ಎತ್ತಿದರು. 1858ರಲ್ಲಿ 2 ಲಕ್ಷ ಡಾಲರಿಗೆ ಮನೆಯನ್ನು ಕೊಳ್ಳುವ ಕರಾರು ಮಾಡಿಕೊಂಡರು. ಇವತ್ತಿಗೂ ಅದೇ ಸಂಘ ನೋಡಿಕೊಳ್ಳುತ್ತಿದೆ. 1874ರಲ್ಲಿ ಅಧಿಕಾರ ಬಿಟ್ಟು ಹೋಗುವಾಗ ಆಕೆ ಸಂಘದವರನ್ನು ಕೇಳಿಕೊಂಡದ್ದು ಇಷ್ಟು: ಎಲ್ಲವೂ ಬದಲಾಗುತ್ತಿರುವ ಈ ದೇಶದಲ್ಲಿ ಇದೊಂದು ಜಾಗವಾದರೂ ಬದಲಾಗದೆ ಉಳಿಯಲಿ. ಎಷ್ಟೋ ವರ್ಷಗಳ ನಂತರ ಅಲ್ಲಿಯ ಗೋಡೆಗಳ ಬಣ್ಣದ ಪದರಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ವಾಷಿಂಗ್ಟನ್ ಕಾಲದಲ್ಲಿ ಯಾವ ಕೋಣೆಗೆ ಯಾವ ಬಣ್ಣ ಇತ್ತು ಅಂತ ಪತ್ತೆ ಮಾಡಿದರು. ಒಂದು ಕೋಣೆ ಕಣ್ಣು ಕುಕ್ಕುವ ಹಸಿರು. ಯಾರೂ ಊಹಿಸಿರಲಿಲ್ಲ. ಅಲ್ಲಿ ದುಡಿದ ಗುಲಾಮರ ಬದುಕನ್ನೂ ಈಗ ಅದೇ ಜಾಗದಲ್ಲಿ ಹೇಳುತ್ತಾರೆ. ವಾಷಿಂಗ್ಟನ್ 1799ರಲ್ಲಿ ಸತ್ತಾಗ ಅಲ್ಲಿ 317 ಗುಲಾಮರಿದ್ದರು. ಮನೆಯೊಡೆಯನನ್ನು ಹೊಗಳುವುದಕ್ಕೆ ಅಡ್ಡಿಯಾಗುತ್ತದೆ ಅಂತ ಬಚ್ಚಿಟ್ಟಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಬೀಗ ಹಾಕಿದ ಅಡುಗೆಮನೆಗೋಸ್ಕರ. ಬೆಳಗ್ಗೆ ಐದಕ್ಕೆ ಬಂದವರಿಗೆಲ್ಲ ಆ ಮನೆಯಲ್ಲಿ ತಿಂಡಿ, ಕಾಫಿ ಕೊಡುತ್ತಿದ್ದರು. ಮಾಡುತ್ತಿದ್ದವರು ಯಾರು? ಯಜಮಾನರ ಹೆಂಡತಿ, ನಾದಿನಿ, ಜೊತೆಗೆ ಇಬ್ಬರು ಹೆಂಗಸರು. ನಾಲ್ಕಕ್ಕೇ ಎದ್ದು ಒಲೆ ಹಚ್ಚುತ್ತಿದ್ದರು ಅಂತ ತಾತ ಹೇಳಿದ್ದು ನನಗೆ ನೆನಪಿದೆ. ಆ ಅಡುಗೆಮನೆಯ ಮಾಡಿನ ಒಳಗಡೆ ಹೊಗೆ ಹಿಡಿದು ಕಪ್ಪಗೆ ಹೊಳೆಯುತ್ತದೆ. ಅದೃಷ್ಟಕ್ಕೆ ಅಲ್ಲಿಗೆ ಪೇಂಟಿನವರು ಇನ್ನೂ ಹೋಗಿಲ್ಲ. ಯಜಮಾನರು ಜೈಲಿನಲ್ಲಿದ್ದಾಗ ಮನೆ ನಡೆಸಿದ್ದು ಆ ಕೋಣೆಯಲ್ಲಿದ್ದವರು. ಇಡೀ ಮ್ಯೂಸಿಯಂನಲ್ಲಿ ಆ ತಾಯಿಯ ಒಂದು ಫೋಟೋ ಇದೆ. ಅದರ ಕೆಳಗೆ "ಧರ್ಮಪತ್ನಿ" ಅಂತ ಬರೆದಿದೆ. ಅವರ ಹೆಸರು ಬರೆದಿಲ್ಲ.

ಈಗ ನನ್ನ ಕೋರಿಕೆಗಳು. ಹೆಚ್ಚು ದುಡ್ಡು ಬೇಡುವ ಕೆಲಸ ಇದರಲ್ಲಿ ಕಡಿಮೆ.

ಎರಡನೇ ಹಂತದ ಕಾಮಗಾರಿ ಬರುತ್ತಿದೆ ಅಂತ ಬಾಗಿಲಲ್ಲಿ ಬೋರ್ಡ್ ನೋಡಿದೆ. ದಯವಿಟ್ಟು ಅದನ್ನು ನಿಲ್ಲಿಸಿ. ಮೊದಲು ಹಳೆ ಕಟ್ಟಡಗಳ ಕೆಲಸ ಗೊತ್ತಿರುವ ಒಬ್ಬರನ್ನು ಕರೆಸಿ ಮನೆಯನ್ನು ಮೇಲಿಂದ ಕೆಳಗೆ ತೋರಿಸಿ. ಗೋಡೆಯ ಪೇಂಟು ತೆಗೆಸುವುದು ಸುಲಭ ಅಲ್ಲ, ಅವಸರಕ್ಕೆ ಕೆರೆದರೆ ಗಾರೆಯೂ ಬರುತ್ತದೆ. ಬೊಬ್ಬೆ ಎದ್ದಿರುವ ಆ ಒಂದು ಕೋಣೆಯಿಂದ ಶುರು ಮಾಡಿ. ಸುಣ್ಣ ಬಳಿಯಿರಿ. ಸುಣ್ಣದ ಗಾರೆ ಮಾಡಬಲ್ಲ ಮೇಸ್ತ್ರಿಗಳು ನಮ್ಮ ಕಡೆ ಇನ್ನೂ ಇದ್ದಾರೆ. ಅಪ್ಪ ಈಗಿಲ್ಲ, ಆದರೆ ಅವರ ಕೈಕೆಳಗೆ ಕಲಿತ ಇಬ್ಬರಿದ್ದಾರೆ. ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಫಾಲ್ಸ್ ಸೀಲಿಂಗ್ ಬಿಚ್ಚಿಸಿ. ಅದಕ್ಕೆ ಪರಿಣತರೂ ಬೇಕಿಲ್ಲ, ಒಂದು ದಿನದ ಕೆಲಸ.

ಉಳಿದ ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಆಗಿರುವುದನ್ನು ನೀವೇ ಬಿಡಿಸಲು ಹೋಗಬೇಡಿ, ಕಾಗದ ಹರಿದುಹೋಗುತ್ತದೆ. ಹಳೆ ಕಾಗದದ ಕೆಲಸ ಮಾಡುವವರಿಗೆ ತೋರಿಸುವವರೆಗೆ ಗೋಡೆಯಿಂದ ಇಳಿಸಿ ಕತ್ತಲಲ್ಲಿ ಇಡಿ. ಸ್ಕ್ಯಾನ್ ಮಾಡಿಸಿ ನಕಲು ಹಾಕಿ. ಆ ಮನೆಯಲ್ಲಿ ಏನೇನಿದೆ ಅಂತ ಒಂದು ರಿಜಿಸ್ಟರ್ ಇದೆಯಾ? ನಾನು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಇಲ್ಲದಿದ್ದರೆ ನಾಳೆಯೇ ಒಂದು ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಬಹುದು. ವಸ್ತುವಿಗೆ ನಂಬರು, ಅಳತೆ, ಫೋಟೋ, ಯಾರು ಕೊಟ್ಟದ್ದು, ಯಾವ ಕೋಣೆಯಲ್ಲಿತ್ತು. ರಜೆಯಲ್ಲಿ ನಮ್ಮ ಶಾಲೆಯ ಮಕ್ಕಳು ಬಂದು ಬರೆದುಕೊಡುತ್ತಾರೆ. ಈಗ ಒಂದು ಕುರ್ಚಿಯ ಮೇಲೆ "ಹಳೆಯ ಕುರ್ಚಿ" ಅಂತ ಚೀಟಿ ಇದೆ. ಹಳೆಯದು ಅಂತ ನೋಡಿದವರಿಗೇ ಗೊತ್ತಾಗುತ್ತದೆ. ಅದು ಯಜಮಾನರದ್ದಲ್ಲ, ಅರ್ಜಿದಾರರನ್ನು ಕೂರಿಸುತ್ತಿದ್ದ ಕುರ್ಚಿ. ಅದನ್ನು ಬರೆಯಿರಿ.

ಅಡುಗೆಮನೆ ತೆರೆಯಿರಿ. ಆ ತಾಯಿಯ ಹೆಸರು ಬರೆಯಿರಿ.

ತಾತನ ವಿಷಯ. ಅವರಿಗೆ ಈಗ ಎಂಬತ್ತು ದಾಟಿದೆ. ದಿನಗೂಲಿ ಲೆಕ್ಕದಲ್ಲಿದ್ದರು, ಏಜೆನ್ಸಿ ಬಂದ ಮೇಲೆ ಬರಬೇಡಿ ಅಂದರಂತೆ. ಅವತ್ತು ಮ್ಯೂಸಿಯಂನಿಂದ ಹೊರಟು ಅವರ ಮನೆ ಹುಡುಕಿಕೊಂಡು ಹೋದೆ. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ನನ್ನ ಮಗಳ ಪ್ರಶ್ನೆಗೆ ಉತ್ತರ ಅವರೇ ಕೊಟ್ಟರು. ಯಜಮಾನರು ಊಟಕ್ಕೆ ಕೂರುತ್ತಿದ್ದದ್ದು ಅಡುಗೆಮನೆಯ ಹೊರಗೆ, ಬಾಗಿಲ ಪಕ್ಕ, ಗೋಡೆಗೆ ಒರಗಿ, ಮಣೆಯ ಮೇಲೆ. ತಲೆ ತಾಗಿ ತಾಗಿ ಗೋಡೆಯ ಮೇಲೆ ಎಣ್ಣೆಯ ಗುರುತು ಬಿದ್ದಿತ್ತಂತೆ. ಪ್ರತಿ ವರ್ಷ ಸುಣ್ಣ ಬಳಿಯುವಾಗ ಅಮ್ಮಾವರು ಅದೊಂದು ಜಾಗ ಬಿಡಿಸುತ್ತಿದ್ದರಂತೆ. ಅದು ಈಗ ಪೇಂಟಿನ ಕೆಳಗಿದೆ. ಇನ್ನೂ ಇದೆಯೋ, ಕೆರೆದುಬಿಟ್ಟಿದ್ದಾರೋ? ದಯವಿಟ್ಟು ಪರೀಕ್ಷೆ ಮಾಡಿಸಿ. ತಾತನನ್ನು ವಾರಕ್ಕೆ ಒಂದು ದಿನ, ಒಂದು ಗಂಟೆ ಮನೆಗೆ ಕರೆತನ್ನಿ. ಕೋಣೆಕೋಣೆಯಲ್ಲಿ ಕೂರಿಸಿ ಅವರು ಹೇಳುವುದನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ. ಅವರಿಗೆ ಬರಬೇಕಾದ ಮೂರು ತಿಂಗಳ ಕೂಲಿಯನ್ನೂ ಕೊಡಿ. ಅವರು ಕೇಳುವುದಿಲ್ಲ. ಕೇಳುವ ಜಾಯಮಾನದವರಲ್ಲ. ನಾನು ಕೇಳುತ್ತಿದ್ದೇನೆ.

ಟಿಕೆಟ್ ವಿಷಯದಲ್ಲೂ ಒಂದು ಮಾತು. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ ಅವರ ಮಗ ರಾಬರ್ಟ್ 1887ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಮನೆಯನ್ನು ಇಲಿನಾಯ್ ರಾಜ್ಯಕ್ಕೆ ಕೊಡುವಾಗ ಹಾಕಿದ ಷರತ್ತು, ಚೆನ್ನಾಗಿ ನೋಡಿಕೊಳ್ಳಬೇಕು, ಜನರಿಂದ ದುಡ್ಡು ತೆಗೆದುಕೊಳ್ಳಬಾರದು ಅಂತ. ನಿಮಗೆ ಖರ್ಚಿದೆ, ಗೊತ್ತು. ದೊಡ್ಡವರಿಗೆ ಟಿಕೆಟ್ ಇರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಡ. ಯಾರನ್ನೂ ಜಗಲಿಯಿಂದ ವಾಪಸು ಕಳಿಸದ ಮನೆ ಅದು.

ಕೊನೆಯದು ಹೊಸ್ತಿಲು. ಎಲ್ಲಿ ಹೋಯಿತು ಅಂತ ಅವತ್ತು ಹುಡುಕಿದೆ. ಹಿತ್ತಿಲಲ್ಲಿ, ಹೊಸದಾಗಿ ಕಟ್ಟಿದ ಶೌಚಾಲಯದ ಹಿಂದೆ, ಸಿಮೆಂಟ್ ಶೀಟಿನ ಕೆಳಗೆ ಸಿಕ್ಕಿತು. ಒಡೆದ ಹೆಂಚುಗಳ ಜೊತೆ ಬಿದ್ದಿದೆ. ಒಂದು ತುದಿ ನೆಲಕ್ಕೆ ತಾಗಿತ್ತು. ನಾನೂ ಮಗಳೂ ಸೇರಿ ಎತ್ತಿ, ಎರಡು ಇಟ್ಟಿಗೆ ಕೊಟ್ಟು ಇಟ್ಟಿದ್ದೇವೆ. ಮಗಳು ಆ ತಗ್ಗಿನಲ್ಲಿ ಅಂಗೈ ಇಟ್ಟು ನೋಡಿದಳು. ಆಗ ಗೆದ್ದಲು ಹಿಡಿದಿರಲಿಲ್ಲ. ಆದರೆ ಅದಾಗಿ ಆರು ತಿಂಗಳಾಯಿತು, ಮುಂದಿನ ತಿಂಗಳು ಮಳೆ ಶುರುವಾಗುತ್ತದೆ. ಬೇರೆಲ್ಲದಕ್ಕೂ ಸಭೆ ಸೇರಬೇಕು, ಠರಾವು ಬೇಕು. ಇದಕ್ಕೆ ಬೇಡ. ಇಬ್ಬರು ಆಳು ಸಾಕು. ದಯವಿಟ್ಟು ಈ ವಾರವೇ ಅದನ್ನು ಒಳಗೆ ತರಿಸಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಹಿತ್ತಿಲ ಗೋಡೆ ಕಟ್ಟಿದ ಮೇಸ್ತ್ರಿಯ ಮಗಳು